ಅಟ್ಟದ ಮೇಲಿನ ಗಾಳದ ಕೋಲು

ಹೊನ್ನೂರಿನ ನಮ್ಮ ಹಳೆಯ ಮನೆಯನ್ನು ಕಂಡಿರುವ ಬಂಧುಗಳಿಗೆ, ಅಟ್ಟದ ತೊಲೆಗೆ ತೂಗುಹಾಕಿದ್ದ ಉದ್ದನೆಯ ಖಾಕಿ ಚೀಲವೊಂದು ನೆನಪಿರಬಹುದು. ಮಕ್ಕಳಾಗಿದ್ದಾಗ ಅದರೊಳಗೆ ಬಂದೂಕವಿದೆಯೆಂದು ಪಿಸುಗುಟ್ಟಿದವರೂ ಉಂಟು. ಬಂದೂಕವಲ್ಲ, ಮೂರು ತುಂಡಿನ, ಜೋಡಿಸಿದರೆ ಹದಿನಾಲ್ಕು ಅಡಿ ಉದ್ದವಾಗುವ, ವಿಲಾಯಿತಿಯ ಗಾಳದ ಕೋಲು. ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟವೊಂದರಲ್ಲಿ ನಮ್ಮ ಅಪ್ಪ ರೈಟರಾಗಿದ್ದಾಗ, ಅಲ್ಲಿನ ದೊರೆ ತಾಯ್ನಾಡಿಗೆ ಹಿಂದಿರುಗುವ ಕಾಲಕ್ಕೆ ಅದನ್ನು ಅವರಿಗೆ ಕೊಟ್ಟುಹೋದನಂತೆ. ಅಪ್ಪ ಆ ಕೆಲಸ ಬಿಟ್ಟು 1955ರಲ್ಲಿ ಊರಿಗೆ ಬಂದು ಗದ್ದೆ ನೋಡಿಕೊಳ್ಳತೊಡಗಿದಾಗ ಕೋಲೂ ಅವರೊಂದಿಗೆ ಬೆಟ್ಟ ಇಳಿಯಿತು.

ಮಾಂಸದ ಹೆಸರೆತ್ತಿದರೂ ಬಾಯಿ ತೊಳೆಯುವ ಮನೆ ನಮ್ಮದು. ಅಂತಹ ಮನೆಯಲ್ಲಿ ಗಾಳದ ಕೋಲಿಗೇನು ಕೆಲಸವೆಂದು ಯಾರಾದರೂ ಕೇಳಿದರೆ, 'ಅದು ದೊರೆಯ ಜ್ಞಾಪಕಾರ್ಥ ಅಷ್ಟೇ, ನಮ್ಮಪ್ಪ ಒಂದು ದಿನವೂ ನೀರಿಗೆ ಇಳಿಸಿದವರಲ್ಲ' ಎಂದು ನಾನು ಹೇಳುತ್ತಾ ಬಂದಿದ್ದೇನೆ. ಅಪ್ಪನ ಇಪ್ಪತ್ತೈದನೆಯ ವರ್ಷದ ಪುಣ್ಯಸ್ಮರಣೆಯಂದು ನೆರೆದಿದ್ದ ಬಂಧುಗಳೆದುರು ಎದ್ದು ನಿಂತು ಇದೇ ಮಾತನ್ನು ಹೇಳಿದ್ದೆ. ಆ ಮಾತು ತಪ್ಪು. ಅದು ತಪ್ಪೆಂದು ನನಗೆ ತಿಳಿದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿರುವ ನನ್ನ ತಮ್ಮ ದೂರವಾಣಿ ಮಾಡಿ, 'ಅಣ್ಣ, ಆ ಕೋಲು ಗೆದ್ದಲಿಗೆ ಹೋಗುವ ಮೊದಲು ಸರಿಮಾಡಿಸಿ ಕೊಡಿ. ಮೊಮ್ಮಗ ಕೇಳುತ್ತಿದ್ದಾನೆ. ಮೊದಲು ಹೇಗಿತ್ತೋ ಹಾಗೆಯೇ ಆಗಬೇಕು' ಎಂದ. ಚೀಲವನ್ನು ಇಳಿಸಿ ನೋಡಿದೆ. ಗೆದ್ದಲು ಹಿಡಿದಿರಲಿಲ್ಲ. ಆದರೆ ಮೆರುಗೆಣ್ಣೆ ಹಾವಿನ ಪೊರೆಯಂತೆ ಎದ್ದಿತ್ತು. ನೂಲಿನ ಕಟ್ಟುಗಳು ಸಡಿಲಗೊಂಡಿದ್ದವು. ಕೋಲಿನ ತುಂಡುಗಳನ್ನು ಒಂದಕ್ಕೊಂದು ಸೇರಿಸುವ ಲೋಹದ ಕೊಳವೆಗಳು ಕಪ್ಪಾಗಿ, ಗಂಡು ಕೊಳವೆ ಹೆಣ್ಣು ಕೊಳವೆಯೊಳಕ್ಕೆ ಹೋಗಲೊಲ್ಲದಾಗಿತ್ತು. ತಯಾರಕರ ಹೆಸರು ಹಿಡಿಯ ಬಳಿಯ ತಗಡಿನ ಮೇಲೆ ಇದ್ದಿರಬೇಕು. ತಿಕ್ಕಿ ತಿಕ್ಕಿ ಅಳಿಸಿಹೋಗಿದೆ. ಸರಿಮಾಡಬೇಕೆಂದರೆ ಮೊದಲು ಹಳೆಯದನ್ನೆಲ್ಲ ಬಿಚ್ಚಬೇಕು. ಬಿಚ್ಚುವುದಲ್ಲವೇ, ಅದೇನು ಮಹಾ ವಿದ್ಯೆ ಎಂದುಕೊಂಡೆ.

ಕೋಲಿನ ರಚನೆಯನ್ನು ಸ್ವಲ್ಪ ವಿವರಿಸದೆ ಮುಂದಿನದು ಅರ್ಥವಾಗಲಾರದು. ದೂರದಿಂದ ಕಂಡರೆ ಅದು ಒಂದೇ ಬಿದಿರುಗಳದಂತೆ ಕಾಣುತ್ತದೆ. ಹತ್ತಿರದಿಂದ ಕಂಡರೆ ಆರು ಮುಖಗಳು. ಬಿದಿರನ್ನು ಉದ್ದುದ್ದವಾಗಿ ಸೀಳಿ, ಪ್ರತಿಯೊಂದು ಸೀಳನ್ನೂ ತ್ರಿಕೋಣಾಕಾರಕ್ಕೆ ಹೆರೆದು, ಅಂತಹ ಆರನ್ನು ಅಂಟಿನಿಂದ ಬೆಸೆದರೆ ಒಳಗೆ ಟೊಳ್ಳಿಲ್ಲದ ಆರುಮೂಲೆಯ ಕೋಲಾಗುತ್ತದೆ. ಬಿದಿರಿನ ಬಲವೆಲ್ಲ ಹೊರಚರ್ಮದ ಕೆಳಗಿನ ನಾರಿನಲ್ಲಿರುವುದರಿಂದ, ಹೊರಮೈಯನ್ನು ಉಳಿಸಿ ಒಳಗಿನ ಮೆದುಭಾಗವನ್ನು ಕಳೆಯುವುದೇ ಇದರ ಮರ್ಮ. ಹತ್ತೊಂಬತ್ತನೆಯ ಶತಮಾನದಲ್ಲಿ ಇದಕ್ಕೆ ನಮ್ಮ ದೇಶದಿಂದ ಹೋಗುತ್ತಿದ್ದ ಬಿದಿರನ್ನು ಕಲ್ಕತ್ತಾ ಬಿದಿರೆಂದು ಕರೆಯುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ದಕ್ಷಿಣ ಚೀನಾದ ಗಟ್ಟಿನಾರಿನ ತೊಂಕಿನ್ ಬಿದಿರು ಆ ಸ್ಥಾನವನ್ನು ಆಕ್ರಮಿಸಿತು. ಇಂಗ್ಲೆಂಡಿನ ಆನಿಕ್ ಪಟ್ಟಣದಲ್ಲಿ 1872ರಲ್ಲಿ ಆರಂಭವಾದ ಹಾರ್ಡಿ ಸೋದರರ ಕಾರ್ಖಾನೆ ಇಂತಹ ಕೋಲುಗಳಿಗೆ ಲೋಕಪ್ರಸಿದ್ಧವಾಯಿತು. 1950ರಲ್ಲಿ ಅಮೆರಿಕವು ಚೀನಾದ ಸರಕಿಗೆ ನಿರ್ಬಂಧ ಹೇರಿದ ಮೇಲೆ ಗಾಜುನಾರಿನ ಕೋಲುಗಳು ಪ್ರಬಲವಾಗಿ, ಬಿದಿರಿನ ಕೋಲುಗಳು ಕ್ರಮೇಣ ಅಟ್ಟ ಸೇರಿದವು.

ಈ ಮೈಯ ಮೇಲೆ ಮೂರು ಬಗೆಯ ಅಂಗಗಳಿವೆ. ದಾರ ಹಾದುಹೋಗುವ ಉಂಗುರಗಳು. ತುಂಡುಗಳನ್ನು ಜೋಡಿಸುವ ಕೊಳವೆಗಳು. ಕೈಹಿಡಿ ಮತ್ತು ದಾರದ ರಾಟೆಯನ್ನು ಕೂರಿಸುವ ಪೀಠ. ಉಂಗುರದ ಎರಡು ಪಾದಗಳನ್ನು ಕೋಲಿನ ಮೇಲೆ ಇಟ್ಟು, ರೇಷ್ಮೆನೂಲಿನಿಂದ ಎಳೆಗೆ ಎಳೆ ತಾಗುವಂತೆ ಸುತ್ತಿ, ಮೇಲೆ ಮೆರುಗೆಣ್ಣೆ ಬಳಿದಿರುತ್ತಾರೆ. ಮೊಳೆಯಿಲ್ಲ, ಬೆಸುಗೆಯಿಲ್ಲ. ಕೊಳವೆಗಳು ನಾವು ಜರ್ಮನ್ ಸಿಲ್ವರ್ ಎನ್ನುವ ಲೋಹದವು. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದರಲ್ಲಿರುವುದು ತಾಮ್ರ, ನಿಕ್ಕಲ್ ಮತ್ತು ಸತು. ಅವನ್ನು ಅರಗಿನಂತಹ ಬಿಸಿ ಅಂಟಿನಿಂದ ಕೂರಿಸಿ, ಅನೇಕ ವೇಳೆ ಸೂಜಿಯಷ್ಟು ಸಣ್ಣ ಮೊಳೆಯೊಂದನ್ನು ಅಡ್ಡಲಾಗಿ ಬಡಿದು, ಕಾಣದಂತೆ ಅರ ಹಾಕಿಬಿಟ್ಟಿರುತ್ತಾರೆ.

ನಾನು ಮಾಡಿದ ಮೊದಲ ತಪ್ಪು ಕೊಳವೆಯದೇ. ಬಿಸಿಗೆ ಅಂಟು ಕರಗುತ್ತದೆಂದು ಗೊತ್ತಿತ್ತು. ಬೆಂಕಿ ಅಪಾಯ, ಬಿಸಿನೀರು ಸೌಮ್ಯವೆಂದು ತರ್ಕಿಸಿ, ತುದಿಯ ತುಂಡಿನ ಕೊಳವೆಯನ್ನು ಕುದಿಯುವ ನೀರಿನ ಪಾತ್ರೆಯಲ್ಲಿ ಅದ್ದಿ ಕುಳಿತೆ. ಕೊಳವೆ ಅಲುಗಲಿಲ್ಲ. ಇನ್ನಷ್ಟು ಹೊತ್ತು ಅದ್ದಿ, ಇಕ್ಕಳದಲ್ಲಿ ಹಿಡಿದು ತಿರುವಿದೆ. ಕೈಗೆ ಏನೋ ಮೆತ್ತಗಾದಂತೆ ತಿಳಿಯಿತು. ಸಂತೋಷದಿಂದ ಹೊರತೆಗೆದು ನೋಡಿದರೆ, ಕೊಳವೆ ಇದ್ದಲ್ಲಿಯೇ ಇದೆ. ಅದರ ಪಕ್ಕದ ಬಿದಿರಿನ ಆರು ಸೀಳುಗಳು ನಾಲ್ಕು ಬೆರಳು ಉದ್ದಕ್ಕೆ ಬಾಯಿ ಬಿಟ್ಟುಕೊಂಡಿವೆ! ಹಳೆಯ ಕೋಲಿನ ಸೀಳುಗಳನ್ನು ಬೆಸೆದಿರುವುದು ಚರ್ಮ, ಎಲುಬುಗಳನ್ನು ಬೇಯಿಸಿ ತೆಗೆದ ಅಂಟಿನಿಂದ. ನಮ್ಮ ಬಡಗಿಗಳು ಮರವಜ್ರವೆನ್ನುವುದೂ ಅದನ್ನೇ. ಅದಕ್ಕೆ ಬಿಸಿ ಮತ್ತು ತೇವ ಎರಡೂ ಒಟ್ಟಿಗೆ ಸಿಕ್ಕರೆ ಮತ್ತೆ ಪಾಯಸವಾಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಎಷ್ಟು ತರಗತಿಗಳಲ್ಲಿ ವಿಸ್ತರಿಸಿ ಬರೆಸಿದ್ದೆನೋ ಲೆಕ್ಕವಿಲ್ಲ. ದೊಣ್ಣೆ ನನ್ನ ಕೈಯಲ್ಲೇ ಇದ್ದದ್ದು ಅಂದು.

ಮರುದಿನ ಕೋಲನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಕೊಳ್ಳೇಗಾಲಕ್ಕೆ ಹೋದೆ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸೈಕಲ್ ರಿಪೇರಿಯಿಂದ ಆರಂಭಿಸಿ ಈಗ ಲೇತು ಇಟ್ಟುಕೊಂಡಿದ್ದಾನೆ. ರೇಷ್ಮೆ ನೂಲಿನ ಯಂತ್ರಗಳ ಬಿಡಿಭಾಗಗಳನ್ನು ದುರಸ್ತಿ ಮಾಡುವುದು ಅವನ ಮುಖ್ಯ ಕಸುಬು. ಕೋಲನ್ನು ಅವನು ಕೈಗೆ ತೆಗೆದುಕೊಂಡ ರೀತಿಯಲ್ಲಿಯೇ ನನಗೆ ಧೈರ್ಯ ಬಂತು. ಎಳೆಗೂಸನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಹಿಡಿದು, ಬೆಳಕಿನ ಕಡೆ ಹೊರಳಿಸಿ, ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, 'ಸಾ, ಇದ ತಿರುವ್ಬ್ಯಾಡಿ. ನಾರು ಉದ್ದಕ್ಕ ಅವ, ತಿರುವಿದ್ರ ಸೀಳ್ಕತ್ತದ. ನ್ಯಾರಕ್ಕ ಎಳೀಬೇಕು' ಎಂದ. ಬಾಯಿಬಿಟ್ಟಿದ್ದ ಸೀಳುಗಳನ್ನು ಒರೆಸಿ, ಎರಡು ದಿನ ನೆರಳಲ್ಲಿ ಒಣಗಿಸಿ, ಅಂಟು ಹಾಕಿ, ಗಟ್ಟಿದಾರದಿಂದ ಒತ್ತೊತ್ತಾಗಿ ಸುತ್ತಿ ಇಟ್ಟ. ನನ್ನ ಅಪರಾಧ ಅಲ್ಲಿಗೆ ಮುಚ್ಚಿತು.

ಅನಂತರ ಮೂರು ಭಾನುವಾರ ಅವನ ಅಂಗಡಿಯಲ್ಲಿ ನಾನೇ ವಿದ್ಯಾರ್ಥಿ. ಅವನಿಗೂ ಇದು ಹೊಸ ಕೆಲಸ. ಆದರೆ ವಸ್ತುವಿನ ಸ್ವಭಾವ ಬಲ್ಲವನಿಗೆ ಹೊಸದೆಂಬುದು ಕಡಿಮೆ. ಬಿಚ್ಚುವ ಮುನ್ನ ಅಳೆಯಬೇಕೆಂಬುದು ಮೊದಲ ಪಾಠ. ಹಿಡಿಯ ತುದಿಯಿಂದ ಪ್ರತಿಯೊಂದು ಉಂಗುರಕ್ಕೂ ಎಷ್ಟು ದೂರ, ಅದು ಆರು ಮುಖಗಳಲ್ಲಿ ಯಾವ ಮುಖದ ಮೇಲೆ ಕುಳಿತಿದೆ, ನೂಲಿನ ಸುತ್ತು ಎಷ್ಟು ಅಗಲ ಎಂಬುದನ್ನೆಲ್ಲ ನೋಟು ಪುಸ್ತಕದಲ್ಲಿ ಬರೆದೆ. ತುದಿಗೆ ಹೋದಂತೆ ಉಂಗುರಗಳ ನಡುವಿನ ಅಂತರ ಕಡಿಮೆಯಾಗುತ್ತದೆ. ಕೋಲು ಬಾಗಿದಾಗ ದಾರವು ಅದರ ಬಾಗನ್ನೇ ಅನುಸರಿಸಬೇಕಲ್ಲವೇ! ಅಳತೆ ಬರೆಯದೆ ಬಿಚ್ಚಿದರೆ ಆ ಲೆಕ್ಕ ಶಾಶ್ವತವಾಗಿ ಕಳೆದುಹೋಗುತ್ತದೆ.

ಉಂಗುರ ಬಿಚ್ಚುವಾಗ ಅಲಗನ್ನು ಬಿದಿರಿನ ಮೇಲೆ ಇಡಬಾರದು. ಉಂಗುರದ ಪಾದ ಲೋಹದ್ದು. ಅದರ ಬೆನ್ನ ಮೇಲೆ ಅಲಗಿಟ್ಟು ಮೆಲ್ಲನೆ ಎಳೆದರೆ ನೂಲು ಕತ್ತರಿಸುತ್ತದೆ, ಪೆಟ್ಟು ಲೋಹಕ್ಕೆ ಬೀಳುತ್ತದೆ. ಹೊರಚರ್ಮದ ಒಂದು ನಾರು ಕತ್ತರಿಸಿದರೂ ನಾಳೆ ಕೋಲು ಮುರಿಯುವುದು ಅಲ್ಲಿಯೇ. ಕತ್ತರಿಸಿದ ನೂಲನ್ನು ಉಗುರಿನಿಂದ ಎಬ್ಬಿಸಿ ಸುರುಳಿಯಾಗಿ ಬಿಚ್ಚಿಕೊಳ್ಳಬೇಕು. ಅಂಟಿಕೊಂಡ ಮೆರುಗೆಣ್ಣೆಯನ್ನು ಚಾಕುವಿನಿಂದ ಕೆರೆಯಬಾರದು. ಬಿದಿರಿಗೆ ಬಿದಿರೇ ಸರಿಯೆಂದು ಅವನು ಬಿದಿರಿನ ಚಕ್ಕೆಯೊಂದನ್ನು ಮಸೆದು ಕೊಟ್ಟ. ಹೊರಗೆ ಕಂದುಬಣ್ಣಕ್ಕೆ ತಿರುಗಿದ್ದ ನೂಲು ಒಳಸುತ್ತಿನಲ್ಲಿ ಎಳೆಹಸುರಾಗಿ ಉಳಿದಿತ್ತು. ಬಿಸಿಲು ಕಾಣದ ಎಪ್ಪತ್ತೆಂಬತ್ತು ವರ್ಷದ ಹಸುರು.

ಕೊಳವೆಯ ವಿಷಯದಲ್ಲಿ ಮೊದಲು ಭೂತಕನ್ನಡಿ ಹಿಡಿದು ಮೊಳೆ ಹುಡುಕಿದ. ಸಾಸಿವೆಯ ಅರ್ಧದಷ್ಟು ಚುಕ್ಕೆಯೊಂದು ಸಿಕ್ಕಿತು. ನಾನು ನೀರಿನಲ್ಲಿ ಅದ್ದಿ ತಿರುವುತ್ತಿದ್ದಾಗ ಕೊಳವೆ ಅಲುಗದೆ ಇದ್ದದ್ದು ಈ ಮೊಳೆಯಿಂದಲೇ! ಅದನ್ನು ತೆಳುವಾದ ಉಕ್ಕಿನ ಕಡ್ಡಿಯಿಂದ ಆಚೆಗೆ ತಳ್ಳಿ, ಕೊಳವೆಯ ಪಕ್ಕದ ಬಿದಿರಿಗೆ ಹಿಂಡಿದ ಒದ್ದೆಬಟ್ಟೆ ಸುತ್ತಿ, ಸ್ಪಿರಿಟ್ ದೀಪದ ಜ್ವಾಲೆಯ ಮೇಲೆ ಕೊಳವೆಯನ್ನು ಮಾತ್ರ ಹೊರಳಿಸುತ್ತಾ ಕಾಯಿಸಿದ. ಕ್ಷಣಕಾಲ ಕಾಯಿಸುವುದು, ಎಳೆದು ನೋಡುವುದು. ಬಾರದಿದ್ದರೆ ಮತ್ತೆ ಕ್ಷಣಕಾಲ. ನಾಲ್ಕನೆಯ ಸಲ ಅಂಟು ಕಪ್ಪಾಗಿ ಬೆವರಿ, ಕೊಳವೆ ಸದ್ದಿಲ್ಲದೆ ಜಾರಿ ಬಂತು. ತುದಿಯ ಉಂಗುರದೊಳಗೆ ಅಗೇಟು ಕಲ್ಲಿನ ಬಳೆಯಿತ್ತು. ದಾರ ಉಜ್ಜಿದರೂ ಸವೆಯದಿರಲೆಂದು ಹಿಂದಿನವರು ಹಾಗೆ ಕೂರಿಸುತ್ತಿದ್ದರು. ಕಲ್ಲು ಬಿಸಿಗೆ ಬಿರಿಯುವುದಾದ್ದರಿಂದ ಅದರ ತಂಟೆಗೆ ಹೋಗಲಿಲ್ಲ. ಕೈಹಿಡಿಯ ಬೆಂಡು ಅಲ್ಲಲ್ಲಿ ಉದುರಿದ್ದರೂ ಗಟ್ಟಿಯಾಗಿತ್ತು, ಅದನ್ನೂ ಬಿಚ್ಚಲಿಲ್ಲ. ಬಿಚ್ಚದೆ ಬಿಡುವುದೂ ಈ ಕೆಲಸದ ಒಂದು ಭಾಗವೆಂದು ಆ ವೇಳೆಗೆ ಕಲಿತಿದ್ದೆ.

ಹೀಗೆ ಬರುತ್ತಾ ಬರುತ್ತಾ ನಡುತುಂಡಿನ ಒಂದು ಉಂಗುರಕ್ಕೆ ಬಂದೆವು. ಅದು ಮಿಕ್ಕವುಗಳ ಜಾತಿಯದಲ್ಲ. ಮಿಕ್ಕವು ಉಕ್ಕಿನವು, ಒಂದೇ ಅಚ್ಚಿನವು. ಇದು ಹಿತ್ತಾಳೆಯ ತಂತಿಯನ್ನು ಕೈಯಿಂದ ಬಗ್ಗಿಸಿ ಮಾಡಿದ್ದು. ಕಟ್ಟಿದ ನೂಲೂ ಬೇರೆ. ಹಸುರಲ್ಲ, ಕುಂಕುಮದ ಕೆಂಪು. ಮೆರುಗೆಣ್ಣೆಯ ಬದಲು ಅರಗು. ಕಂಡೊಡನೆ ಗುರುತಿಸಿದೆ. ಇದನ್ನು ಕಟ್ಟಿದವರು ಅಪ್ಪ. ಕಟ್ಟುವಾಗ ನಾನು ಎದುರಿಗೇ ಕುಳಿತಿದ್ದೆ. ಬೆಟ್ಟದಿಂದ ಇಳಿದುಬಂದ ಮರುವರ್ಷ, ನನಗೆ ಏಳು ವರ್ಷವಿರಬಹುದು. ಸಂಜೆಯ ಹೊತ್ತು ಜಗಲಿಯ ಮೇಲೆ ಕುಳಿತು, ಕೊಳ್ಳೇಗಾಲದ ಹುರಿರೇಷ್ಮೆಯ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಬಿಗಿದು, ಕೋಲನ್ನು ತೊಡೆಯ ಮೇಲೆ ಹೊರಳಿಸುತ್ತಾ ಅವರು ಸುತ್ತುತ್ತಿದ್ದರು. ಕರಿಮಣಿ ಪೋಣಿಸಲು ತಂದಿದ್ದ ನೂಲನ್ನು ದೊಣ್ಣೆಗೆ ಸುತ್ತುತ್ತಿದ್ದಾರೆಂದು ಅವ್ವ ಒಳಗಿನಿಂದ ಗೊಣಗುತ್ತಿದ್ದಳು. ದೊರೆಯ ಜ್ಞಾಪಕವನ್ನು ಅಂದವಾಗಿಡಲು ಅಪ್ಪ ಹೀಗೆ ಮಾಡುತ್ತಿದ್ದಾರೆಂದು ನಾನು ಅಂದು ತಿಳಿದೆ; ಹೋದ ವರ್ಷದವರೆಗೂ ಹಾಗೆಯೇ ತಿಳಿದಿದ್ದೆ.

'ಮೊದಲು ಹೇಗಿತ್ತೋ ಹಾಗೆ' ಎಂಬ ತಮ್ಮನ ಮಾತಿನ ಪ್ರಕಾರ ಈ ಉಂಗುರ ಹೋಗಬೇಕಾದದ್ದೇ. ಅಲಗನ್ನು ಅದರ ಪಾದದ ಮೇಲೆ ಇಟ್ಟಿದ್ದೆ ಕೂಡ. ಆಗ ನನ್ನ ವಿದ್ಯಾರ್ಥಿ ಕೈ ಅಡ್ಡ ಹಿಡಿದು, ಭೂತಕನ್ನಡಿಯನ್ನು ನನ್ನ ಕೈಗೆ ಕೊಟ್ಟ. 'ಸಾ, ಉಂಗ್ರದ ಒಳಗ ನೋಡಿ.'

ಉಂಗುರದ ಒಳಮೈಯಲ್ಲಿ ಮೂರು ಗೀರುಗಳಿದ್ದವು. ಒಂದು ಆಳವಾದದ್ದು, ಅದರ ಎರಡು ಪಕ್ಕದಲ್ಲಿ ಎರಡು ತೆಳುವಾದವು. ಅರದಿಂದ ಉಜ್ಜಿದ ಗೀರುಗಳಲ್ಲ, ಅಂಚು ನುಣುಪಾಗಿತ್ತು. 'ಇದು ದಾರ ತಿಂದಿರದು ಸಾ. ಬಾವಿ ಕಲ್ಲ ಮ್ಯಾಲ ಹಗ್ಗದ ಗೆರ ಇರ್ತದಲ್ಲ, ಹಂಗ. ಒಂದಿನ, ಎರಡಿನ ಎಳದ್ರ ಹಿಂಗಾಗಕಿಲ್ಲ. ವರ್ಸಗಟ್ಲ ಎಳ್ದಿರಬೇಕು' ಎಂದ. ಒದ್ದೆಯಾದ ದಾರ ಹೊಳೆಯ ಸಣ್ಣ ಮರಳನ್ನು ಹಿಡಿದುಕೊಂಡು ಬರುತ್ತದೆ. ಮೆದುವಾದ ಹಿತ್ತಾಳೆಯನ್ನು ಅದು ಅರದಂತೆ ತಿನ್ನುತ್ತದೆ ಎಂದು ವಿವರಿಸಿದ.

ದೊರೆ ಹೋದ ಮೇಲೆ, ನನ್ನ ಕಣ್ಣೆದುರಿಗೆ, ಹೊನ್ನೂರಿನ ಜಗಲಿಯಲ್ಲಿ ಕಟ್ಟಿದ ಉಂಗುರವದು. ಅದರಲ್ಲಿ ವರ್ಷಗಟ್ಟಲೆ ದಾರ ಓಡಿದೆಯೆಂದರೆ ಓಡಿಸಿದವರು ಯಾರು? ಆ ಕೋಲನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಸೈಕಲ್ ಅಂಗಡಿಯ ಮರದ ಪೆಟ್ಟಿಗೆಯ ಮೇಲೆ ನಾನು ಕುಳಿತುಬಿಟ್ಟೆ. ಒಂದರ ಹಿಂದೆ ಒಂದಾಗಿ ಹಳೆಯ ಭಾನುವಾರಗಳು ನೆನಪಿಗೆ ಬಂದವು.

ಅಪ್ಪ ತಿಂಗಳಿಗೆ ಎರಡು ಮೂರು ಭಾನುವಾರ ಬೆಳಗಿನ ಜಾವವೇ ಎದ್ದು ಹೋಗುತ್ತಿದ್ದರು. 'ಕೊಳ್ಳೇಗಾಲದ ಕಡೆ ಕೆಲಸವಿದೆ' ಎನ್ನುತ್ತಿದ್ದರು. ಎಳೆಯರಿಗೆ ಈಗ ವಿಚಿತ್ರವೆನಿಸಬಹುದು. 1956ರ ನವೆಂಬರ್ 1ರವರೆಗೆ ನಮ್ಮ ಯಳಂದೂರು ಮೈಸೂರು ರಾಜ್ಯದಲ್ಲಿದ್ದರೆ, ಹತ್ತಿರದ ಕೊಳ್ಳೇಗಾಲ ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಲ್ಲಿಗೆ ಹೋದರೆ ಪರರಾಜ್ಯ. ನಮ್ಮ ಬಂಧುಗಳ ಕಣ್ಣು ಬೀಳುವುದು ಕಡಿಮೆ. ಹೋಗುವಾಗ ಅವ್ವನ ಕೈಯಲ್ಲಿ ರಾಗಿಮುದ್ದೆ ಮಾಡಿಸಿ ಬಟ್ಟೆಯಲ್ಲಿ ಕಟ್ಟಿಕೊಳ್ಳುತ್ತಿದ್ದರು. ಜೊತೆಗೆ ಸಾರೂ ಇಲ್ಲ, ಉಪ್ಪಿನಕಾಯಿಯೂ ಇಲ್ಲ. 'ಬರೀ ಮುದ್ದೆ ಹೇಗೆ ತಿಂತೀರಿ' ಎಂದು ಅವ್ವ ಕೇಳಿದರೆ ನಗುತ್ತಿದ್ದರು. ಕಾವೇರಿಯ ಬಿಳಿಮೀನಿಗೆ ಬೇಯಿಸಿದ ರಾಗಿಯ ಉಂಡೆಗಿಂತ ಪ್ರಿಯವಾದ ಎರೆಯಿಲ್ಲವೆಂದು ನಾನು ಓದಿ ತಿಳಿದದ್ದು ಎಷ್ಟೋ ಕಾಲದ ಮೇಲೆ. ಓದಿದಾಗಲೂ ಎರಡನ್ನೂ ಕೂಡಿಸಿ ನೋಡುವ ಬುದ್ಧಿ ನನಗೆ ಬರಲಿಲ್ಲ.

ಬಿಳಿಮೀನು ಎಂದರೆ ಮಹಶೀರ್. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬಾತ ಭಾರತದಲ್ಲಿ ಗಾಳ ಹಾಕುವುದರ ಬಗ್ಗೆ 1873ರಲ್ಲಿ ದೊಡ್ಡ ಗ್ರಂಥವನ್ನೇ ಬರೆದ. ಅದರ ನಾಯಕ ಈ ಮೀನೇ. ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು, ಅಂದರೆ ಸುಮಾರು 54 ಕಿಲೋ ತೂಗಿತು. ಕಾವೇರಿಯ ಕಿತ್ತಳೆ ರೆಕ್ಕೆಯ, ಬೆನ್ನು ಉಬ್ಬಿದ ಮಹಶೀರ್ ಯಾವ ಪ್ರಭೇದವೆಂಬುದನ್ನು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಟಾರ್ ರೆಮಾದೇವಿ ಎಂಬುದು ಅದರ ಶಾಸ್ತ್ರೀಯ ನಾಮ. ಜಗತ್ತಿನಲ್ಲಿ ಕಾವೇರಿ ಮತ್ತು ಅದರ ಉಪನದಿಗಳಲ್ಲದೆ ಬೇರೆಲ್ಲಿಯೂ ಇಲ್ಲದ ಆ ಮೀನು ಇಂದು ಅಳಿವಿನ ಅಂಚಿಗೆ ಬಂದಿದೆ. ಗಾಲಿಬೋರೆಯ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳ ಹಾಕಿ, ತೂಗಿ, ಮರಳಿ ನೀರಿಗೆ ಬಿಟ್ಟವರ ದಾಖಲೆ ಪುಸ್ತಕಗಳನ್ನು ಲೆಕ್ಕ ಹಾಕಿದಾಗ, ಹೊರಗಿನಿಂದ ತಂದುಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಿ, ನಮ್ಮ ಮೂಲದ ಮೀನು ಕ್ಷೀಣಿಸಿದ್ದು ತಿಳಿದುಬಂತು. ಕಾವೇರಿ ವನ್ಯಜೀವಿಧಾಮದೊಳಗೆ ಗಾಳ ಹಾಕುವ ಆ ಶಿಬಿರಗಳು 2010ರ ದಶಕದ ಆರಂಭದಲ್ಲಿ ನಿಂತವು. ನಮ್ಮ ಕೋಲು ದುರಸ್ತಿಯಾದರೂ ಆ ನೀರಿಗೆ ಮರಳಲಾರದು, ಮರಳುವುದೂ ಬೇಡ.

ಇಷ್ಟಾದರೆ ಇದು ಅಪ್ಪನ ಒಂದು ಗುಟ್ಟಿನ ಹವ್ಯಾಸದ ಕತೆಯಾಗಿ ಮುಗಿಯುತ್ತಿತ್ತು. ಮುಗಿಯಲಿಲ್ಲ. 1961ರ ಒಂದು ದಿನವನ್ನು ನಾನು ಹೇಳಲೇಬೇಕು.

ನಾನಾಗ ಮಾಧ್ಯಮಿಕ ಶಾಲೆಯಲ್ಲಿದ್ದೆ. ಕಾವೇರಿ ದಡದ ಒಂದು ಊರಿನ ಹುಡುಗ ನಮ್ಮೂರಿನ ತನ್ನ ಸೋದರತ್ತೆಯ ಮನೆಯಲ್ಲಿದ್ದುಕೊಂಡು ನನ್ನ ಜೊತೆ ಓದುತ್ತಿದ್ದ. ಅವನ ತಂದೆ ಹರಿಗೋಲು ಹಾಕುವವನು. ಒಂದು ಸೋಮವಾರ ಆಟದ ಹೊತ್ತಿನಲ್ಲಿ ಅವನು ಯಾವ ದುರುದ್ದೇಶವೂ ಇಲ್ಲದೆ, ಹೆಮ್ಮೆಯಿಂದಲೇ ಎಂಬಂತೆ, 'ನಿಮ್ಮಪ್ಪಾರು ನಿನ್ನೆ ನಮ್ಮಪ್ಪನ ಹರಿಗೋಲ್ನಾಗ ಕೂತು ದೊಡ್ಡ ಬಿಳಿಮೀನು ಹಿಡುದ್ರು. ನಮಗೇ ಕೊಟ್ಬುಟ್ರು' ಎಂದ. ಸುತ್ತಲಿದ್ದ ಹುಡುಗರು ನಕ್ಕರು. ನನ್ನ ಮೈ ಉರಿದುಹೋಯಿತು. ಅವನನ್ನು ಸುಳ್ಳುಗಾರನೆಂದು ಕೂಗಿದೆ. ಸಾಲದೆಂದು ಮೇಷ್ಟರ ಬಳಿ ಹೋಗಿ, ನಮ್ಮ ತಂದೆಯ ಮೇಲೆ ಇಲ್ಲದ್ದನ್ನು ಹೇಳುತ್ತಾನೆಂದು ದೂರು ಕೊಟ್ಟೆ. ಮೇಷ್ಟರು ವಿಚಾರಿಸಲಿಲ್ಲ. ವಿಚಾರಿಸಲು ಏನಿದೆ? ಒಂದು ಕಡೆ ಮರ್ಯಾದಸ್ಥರ ಮನೆಯ ಹುಡುಗ, ಇನ್ನೊಂದು ಕಡೆ ಹರಿಗೋಲಿನವನ ಮಗ. ಅವನ ಎರಡೂ ಅಂಗೈಗೆ ಹುಣಿಸೆ ಬರಲಿನ ಏಟು ಬಿದ್ದವು. ಅವನು 'ನಾನು ಸುಳ್ಳು ಹೇಳಿಲ್ಲ' ಎಂದು ಒಂದೇ ಸಲ ಹೇಳಿದ. ಆಮೇಲೆ ಬಾಯಿ ಬಿಡಲಿಲ್ಲ.

ಮನೆಗೆ ಬಂದು ಅಜ್ಜಿಯ ಮುಂದೆ, ಬಂದಿದ್ದ ನೆಂಟರ ಮುಂದೆ, ಈ ಸುದ್ದಿಯನ್ನು ಗೆದ್ದುಬಂದವನಂತೆ ಒಪ್ಪಿಸಿದೆ. ಅಪ್ಪ ಜಗಲಿಯಲ್ಲಿಯೇ ಇದ್ದರು. ಎಲ್ಲರೂ ಅವರತ್ತ ನೋಡಿದರು. ಅವರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. 'ಆ ಹುಡುಗನಿಗೆ ಹೊಡೆದರಾ?' ಎಂದಷ್ಟೇ ಕೇಳಿದರು. 'ಹೂಂ, ಚೆನ್ನಾಗಿ ಬಿತ್ತು' ಎಂದೆ. ಅಪ್ಪ ಎದ್ದು ಕೊಟ್ಟಿಗೆಯ ಕಡೆ ಹೋದರು. ಆ ವಾರವೇ ಖಾಕಿ ಚೀಲ ಅಟ್ಟ ಸೇರಿತು. ಅದರಿಂದಾಚೆ ಅವರು ಭಾನುವಾರ ಎಲ್ಲಿಯೂ ಹೋದದ್ದು ನನಗೆ ನೆನಪಿಲ್ಲ. ಇಪ್ಪತ್ತಮೂರು ವರ್ಷ ಅನಂತರವೂ ಬದುಕಿದ್ದ ಅವರು ನನ್ನೊಡನೆ ಆ ವಿಷಯವನ್ನು ಎತ್ತಲಿಲ್ಲ, 1984ರಲ್ಲಿ ತೀರಿಕೊಂಡರು. ಆ ಹುಡುಗ ಮರುವರ್ಷ ಶಾಲೆಗೆ ಬರಲಿಲ್ಲ. ತಂದೆಯ ಹರಿಗೋಲು ಹಿಡಿದನೆಂದು ಕೇಳಿದ್ದೆ. ಈಚೆಗೆ ವಿಚಾರಿಸಿದಾಗ, ಅವನು ಹೋಗಿ ಎಂಟು ವರ್ಷವಾಯಿತೆಂದು ತಿಳಿಯಿತು.

ಅಪ್ಪ ಯಾಕೆ ಸುಮ್ಮನಿದ್ದರು? ಹೌದೆಂದಿದ್ದರೆ ಮನೆಯಲ್ಲಿ ರಂಪವಾಗುತ್ತಿತ್ತು. ಇಲ್ಲವೆಂದಿದ್ದರೆ ಆ ಹುಡುಗ ಎರಡನೆಯ ಸಲ ಸುಳ್ಳುಗಾರನಾಗುತ್ತಿದ್ದ. ಅವರು ಎರಡನ್ನೂ ಮಾಡದೆ, ತಮಗೆ ಪ್ರಿಯವಾದದ್ದನ್ನು ಅಟ್ಟಕ್ಕೆ ಏರಿಸಿಬಿಟ್ಟರು. ಆ ಹುಡುಗನ ತಂದೆಯನ್ನು ಕಂಡು ಕ್ಷಮೆ ಕೇಳಿದರೋ ಏನೋ, ಕೇಳಿರಬಹುದೆಂದು ಆಶಿಸುತ್ತೇನೆ. ಕೇಳಬೇಕಾಗಿದ್ದವನು ನಾನು. ಒಬ್ಬನ ಮಾತನ್ನು ಒರೆಗೆ ಹಚ್ಚದೆ ಸುಳ್ಳೆಂದು ನಿರ್ಣಯಿಸಿ, ಆ ನಿರ್ಣಯವನ್ನೇ ಅರುವತ್ತು ವರ್ಷ ಸಭೆಗಳಲ್ಲಿ ಸಾರುತ್ತಾ ಬಂದವನೂ ನಾನೇ.

ಅಂದು ರಾತ್ರಿ ತಮ್ಮನಿಗೆ ದೂರವಾಣಿ ಮಾಡಿ ಎಲ್ಲವನ್ನೂ ಹೇಳಿದೆ. ಆತ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, 'ಅಣ್ಣ, ಮೊದಲು ಹೇಗಿತ್ತೋ ಹಾಗೆ ಅಂದೆನಲ್ಲ. ಯಾವ ಮೊದಲು ಅಂತ ನಾನು ಯೋಚನೆ ಮಾಡಿರಲಿಲ್ಲ. ಆ ಉಂಗುರ ಇರಲಿ' ಎಂದ.

ಯಳಂದೂರಿನ ಗೌರೀಶ್ವರ ದೇವಾಲಯದ ಬಳೆಮಂಟಪವನ್ನು ನನ್ನ ವಿದ್ಯಾರ್ಥಿಗಳೆಲ್ಲ ಕಂಡಿದ್ದೀರಿ. ಪ್ರತಿವರ್ಷ ನಾನೇ ಕರೆದುಕೊಂಡು ಹೋಗಿ ಒಂದೇ ಕಲ್ಲಿನಲ್ಲಿ ಕಡೆದ ಬಳೆಗಳನ್ನು ತೋರಿಸುತ್ತಿದ್ದೆ. ಜೀರ್ಣೋದ್ಧಾರವೆಂದು ಹಳೆಯ ಕಂಬಗಳಿಗೆ ಎಣ್ಣೆಬಣ್ಣ ಬಳಿದು, ನೆಲಕ್ಕೆ ಹೊಳೆಯುವ ಹಾಸು ಹಾಸಿದ ಗುಡಿಗಳನ್ನು ಕಂಡು ಬೈಯುತ್ತಿದ್ದವನೂ ನಾನೇ. ಹಳೆಯದನ್ನು ತೆಗೆಯುವ ಮುನ್ನ ಅದು ಅಲ್ಲಿ ಏಕೆ ಇದೆಯೆಂದು ಕೇಳಬೇಕೆಂಬ ಮಾತನ್ನು ಊರಿಗೆಲ್ಲ ಹೇಳಿ, ಸ್ವಂತ ಅಪ್ಪನ ಕೈಕೆಲಸದ ಮೇಲೆ ಅಲಗು ಇಟ್ಟಿದ್ದೆ.

ಕೋಲು ಈಗ ಸಿದ್ಧವಾಗಿದೆ. ಉಕ್ಕಿನ ಉಂಗುರಗಳು ತುಕ್ಕು ಕಳೆದುಕೊಂಡು, ನೋಟು ಪುಸ್ತಕದ ಅಳತೆಯಂತೆ ತಮ್ಮ ತಮ್ಮ ಸ್ಥಾನದಲ್ಲಿ ಕುಳಿತಿವೆ. ಹಸುರು ನೂಲನ್ನು ಕೊಳ್ಳೇಗಾಲದ ಬಣ್ಣ ಹಾಕುವವರೊಬ್ಬರು ಒಳಸುತ್ತಿನ ಮಾದರಿ ನೋಡಿ ಹಾಕಿಕೊಟ್ಟರು. ಕೊಳವೆಗಳು ಶುಚಿಯಾಗಿ, ತುಂಡುಗಳು ಸಲೀಸಾಗಿ ಸೇರುತ್ತವೆ. ಅಪ್ಪನ ಉಂಗುರವನ್ನು ಬಿಚ್ಚಲಿಲ್ಲ. ಅರಗು ಉದುರಿದ್ದ ಕಡೆ ಒಂದು ಹನಿ ಹೊಸ ಅರಗು ಬಿಟ್ಟದ್ದಷ್ಟೇ. ಹಸುರು ಕಟ್ಟುಗಳ ನಡುವೆ ಒಂದೇ ಕೆಂಪು ಕಟ್ಟು. ನೋಡಲು ಅಂದವಾಗಿಲ್ಲವೆಂದು ಕೆಲವರು ಹೇಳಿದರು. ಇರಲಿ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಮಾತು. ಮೂವತ್ತನಾಲ್ಕು ವರ್ಷ ಪಾಠ ಹೇಳಿದೆ. 'ನಾನು ಸುಳ್ಳು ಹೇಳಿಲ್ಲ ಸಾರ್' ಎಂದ ಎಷ್ಟು ಮಕ್ಕಳ ಮಾತನ್ನು ನಿಂತು ಕೇಳಿದೆ, ಎಷ್ಟು ಮಕ್ಕಳದನ್ನು ಕೇಳಲಿಲ್ಲ ಎಂಬ ಲೆಕ್ಕ ನನ್ನಲ್ಲಿಲ್ಲ. ಕೇಳದೆ ಹೋದವರು ಇದನ್ನು ಓದುತ್ತಿದ್ದರೆ ನನ್ನನ್ನು ಕ್ಷಮಿಸಬೇಕು. ಸಾಧ್ಯವಾದರೆ ಒಮ್ಮೆ ಮನೆಗೆ ಬನ್ನಿ, ಈಗ ಕೇಳುತ್ತೇನೆ.

ಬಂಧುಗಳಲ್ಲಿ ಇನ್ನೊಂದು ಮಾತು. ಕೋಲನ್ನು ಮೊಮ್ಮಗ ಬಂದು ಒಯ್ಯುವವರೆಗೆ ನಡುಮನೆಯ ಗೋಡೆಯ ಮೇಲೆ ತೂಗುಹಾಕಿದ್ದೇನೆ, ಅಟ್ಟದ ಮೇಲಲ್ಲ. ಅದೇನೆಂದು ಕೇಳಿದವರಿಗೆ ಈಗ ಹೀಗೆ ಹೇಳುತ್ತೇನೆ: ಇದು ನಮ್ಮ ಅಪ್ಪನ ಗಾಳದ ಕೋಲು. ಅವರು ಇದರಲ್ಲಿ ಕಾವೇರಿಯ ಬಿಳಿಮೀನು ಹಿಡಿಯುತ್ತಿದ್ದರು. ಹಿಡಿದದ್ದನ್ನು ಹರಿಗೋಲಿನವರಿಗೆ ಕೊಟ್ಟು, ಕೈ ತೊಳೆದುಕೊಂಡು, ಸಂಜೆಗೆ ಮನೆಗೆ ಬರುತ್ತಿದ್ದರು. ಇದನ್ನು ನಮಗೆ ಮೊದಲು ಹೇಳಿದವನು ನನ್ನ ಸಹಪಾಠಿ. ಅವನು ಹೇಳಿದ್ದು ನಿಜ.